ಶ್ರುತಿಕವೆ ಮತ್ತು ಬದನೆಯ ಹೂವು

ಬದನೆಯ ಗಿಡವನ್ನು ಅರಿಯದವರು ನಮ್ಮ ನಾಡಿನಲ್ಲಿ ಇರಲಾರರು. ಆದರೆ ಅದರ ಹೂವನ್ನು ಕೈಯಲ್ಲಿ ಹಿಡಿದು ಸಾವಧಾನವಾಗಿ ಪರೀಕ್ಷಿಸಿದವರು ವಿರಳ. ನಸುನೇರಳೆ ಬಣ್ಣದ ದಳಗಳ ನಡುವೆ ಹಳದಿಯ ಕೇಸರಗಳು ಒತ್ತಾಗಿ ನಿಂತು ಒಂದು ಸಣ್ಣ ಶಂಕುವಿನ ಆಕಾರವನ್ನು ತಾಳಿರುವುವು. ಅನೇಕ ಹೂಗಳಲ್ಲಿ ಪರಾಗಕೋಶವು ಉದ್ದಕ್ಕೆ ಬಿರಿದು ಪರಾಗವು ಹೊರಗೆ ಬರುವುದು. ಬೆರಳು ತಾಗಿದರೆ ಸಾಕು, ಹಳದಿಯ ಪುಡಿ ಅಂಟಿಕೊಳ್ಳುವುದು. ಬದನೆಯಲ್ಲಿ ಹಾಗಿಲ್ಲ. ಪ್ರತಿಯೊಂದು ಪರಾಗಕೋಶವೂ ಮುಚ್ಚಿದ ಕೊಳವೆಯಂತಿದ್ದು, ಅದರ ತುದಿಯಲ್ಲಿ ಮಾತ್ರ ಎರಡು ಕಿರುರಂಧ್ರಗಳಿರುವುವು. ಪರಾಗವು ಒಳಗೆ ಭದ್ರವಾಗಿರುವುದು. ಉಪ್ಪಿನ ಡಬ್ಬಿಯ ಮುಚ್ಚಳದಲ್ಲಿ ತೂತುಗಳಿರುವಂತೆಯೇ ಇದೂ ಸರಿ. ಅಲುಗಿಸದೆ ಉಪ್ಪು ಬೀಳದು.

ಹಾಗಾದರೆ ಅಲುಗಿಸುವವರು ಯಾರು? ಎಷ್ಟು ಜೋರಾಗಿ ಅಲುಗಿಸಬೇಕು? ಈ ಎರಡು ಪ್ರಶ್ನೆಗಳು ಸಸ್ಯಶಾಸ್ತ್ರಕ್ಕೆ ಸೇರಿದುವೆಂದು ತೋರಿದರೂ, ಎರಡನೆಯದಕ್ಕೆ ಉತ್ತರ ದೊರೆಯುವುದು ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಆ ಉತ್ತರವನ್ನು ಹಿಡಿದುಕೊಂಡು ಹೊರಟರೆ, ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಇರುವ ರಾಯಾಪುರದಂಥ ಊರಿನ ಬದಿಯಲ್ಲಿ ತಾನಾಗಿ ಬೆಳೆಯುವ ತುಂಬೆ, ತಂಗಡಿಗಳನ್ನು ಏಕೆ ಉಳಿಸಬೇಕೆಂಬುದು ಕೂಡ ಸ್ಪಷ್ಟವಾಗುವುದು. ಈ ಲೇಖನದಲ್ಲಿ ಆ ದಾರಿಯನ್ನು ಕ್ರಮವಾಗಿ ನಡೆದು ನೋಡೋಣ.

ಒಂದು ಸುಲಭ ಪ್ರಯೋಗ

ಶಬ್ದದ ಪಾಠಕ್ಕೆಂದು ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಶ್ರುತಿಕವೆಗಳಿರುವುವು. ಎರಡು ಕವಲುಗಳುಳ್ಳ ಈ ಉಕ್ಕಿನ ಉಪಕರಣವನ್ನು ರಬ್ಬರಿನ ತುಂಡಿಗೆ ಬಡಿದರೆ ಅದು ಗೊತ್ತಾದ ಒಂದೇ ಸ್ವರದಲ್ಲಿ ಮಿಡಿಯುವುದು. ಅದರ ಮೇಲೆ ಕೆತ್ತಿರುವ 256, 384, 512 ಮುಂತಾದ ಅಂಕಿಗಳು ಒಂದು ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯನ್ನು, ಎಂದರೆ ಹರ್ಟ್ಸ್ ಪರಿಮಾಣವನ್ನು, ತಿಳಿಸುವುವು.

ಬೆಳಗಿನ ಹೊತ್ತು ಅಂದೇ ಅರಳಿದ, ತೇವವಿಲ್ಲದ ಬದನೆಯ ಹೂವೊಂದನ್ನು ತೊಟ್ಟಿನೊಡನೆ ತನ್ನಿರಿ. ಅದನ್ನು ಕಪ್ಪು ಕಾಗದದ ಮೇಲೆ ಮುಖ ಕೆಳಗಾಗಿ ಹಿಡಿಯಿರಿ. ಮೊದಲು ಕೈಯಿಂದಲೇ ಮೆಲ್ಲನೆ ಅಲ್ಲಾಡಿಸಿರಿ. ಕಾಗದದ ಮೇಲೆ ಬೀಳುವುದು ಅತ್ಯಲ್ಪ. ಈಗ ಮಿಡಿಯುತ್ತಿರುವ ಶ್ರುತಿಕವೆಯ ಒಂದು ಕವಲನ್ನು ಹಳದಿಯ ಶಂಕುವಿಗೆ ಹಗುರವಾಗಿ ತಾಗಿಸಿರಿ. ಬಿಳಿಹಳದಿಯ ಪುಡಿಯು ರಂಧ್ರಗಳಿಂದ ಹೊಗೆಯಂತೆ ಚಿಮ್ಮಿ ಕಾಗದದ ಮೇಲೆ ಹರಡುವುದು. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗಲೆಲ್ಲ ಹಿಂದಿನ ಸಾಲಿನ ವಿದ್ಯಾರ್ಥಿಗಳು ಎದ್ದು ಮುಂದಕ್ಕೆ ಬರುವುದನ್ನು ನಾವು ಕಂಡಿದ್ದೇವೆ.

ಕೈಯ ಅಲುಗಾಟಕ್ಕೆ ಬಗ್ಗದ ಹೂವು ಶ್ರುತಿಕವೆಗೆ ಏಕೆ ಬಗ್ಗುವುದು? ಇದಕ್ಕೆ ಕಾರಣ ವೇಗೋತ್ಕರ್ಷ. ಕೋಶದೊಳಗಿನ ಪರಾಗಕಣಗಳು ಒಂದಕ್ಕೊಂದು ಮತ್ತು ಗೋಡೆಗೆ ಅಂಟಿಕೊಂಡಿರುವುವು. ಅವನ್ನು ಬಿಡಿಸಿ ಗೋಡೆಗಳಿಗೆ ಅಪ್ಪಳಿಸಬೇಕಾದರೆ ಗೋಡೆಯು ಬಹು ಬೇಗನೆ ದಿಕ್ಕು ಬದಲಾಯಿಸಬೇಕು. ಸರಳ ಸಾಮರಸ್ಯ ಚಲನೆಯಲ್ಲಿ ಗರಿಷ್ಠ ವೇಗೋತ್ಕರ್ಷವು ಕಂಪನಸಂಖ್ಯೆಯ ವರ್ಗಕ್ಕೂ ಕಂಪನದ ವಿಸ್ತಾರಕ್ಕೂ ಅನುಪಾತದಲ್ಲಿರುವುದೆಂದು ಪದವಿಪೂರ್ವ ತರಗತಿಯಲ್ಲಿ ಕಲಿತಿರುವೆವು. ಸೆಕೆಂಡಿಗೆ 300 ಕಂಪನ, ವಿಸ್ತಾರ ಕೇವಲ 0.1 ಮಿಲಿಮೀಟರು ಎಂದಿಟ್ಟುಕೊಳ್ಳೋಣ. 2π ಯನ್ನು 300 ರಿಂದ ಗುಣಿಸಿ, ಬಂದುದನ್ನು ವರ್ಗಮಾಡಿ, 0.0001 ಮೀಟರಿನಿಂದ ಗುಣಿಸಿದರೆ ಸುಮಾರು 355 ಮೀಟರು ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡು ಎಂಬ ಉತ್ತರ ಬರುವುದು. ಇದು ಭೂಮಿಯ ಗುರುತ್ವದ ವೇಗೋತ್ಕರ್ಷಕ್ಕಿಂತ 36 ಪಟ್ಟು ಹೆಚ್ಚು. ಕೈಯಿಂದ ಸೆಕೆಂಡಿಗೆ ಮೂರು ಸಲ ಅದೇ ವಿಸ್ತಾರದಲ್ಲಿ ಅಲುಗಿಸಿದರೆ ಇದರ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ ದೊರೆಯುವುದು. ಹೂವಿನ ಬೀಗಕ್ಕೆ ಬೇಕಾದ ಕೀಲಿಕೈ ಕಂಪನಸಂಖ್ಯೆಯೇ ಎಂಬುದು ಇದರಿಂದ ತಿಳಿಯುವುದು. 1978ರಲ್ಲಿ ಬುಕ್‌ಮನ್ ಮತ್ತು ಹರ್ಲೆ ಎಂಬ ವಿಜ್ಞಾನಿಗಳು ಈ ಕ್ರಿಯೆಗೆ ಒಂದು ಭೌತಿಕ ವಿವರಣೆಯನ್ನು ಗಣಿತದ ರೂಪದಲ್ಲಿ ಕೊಟ್ಟರು.

ಈ ಕೀಲಿಕೈ ಯಾರ ಬಳಿ ಇದೆ?

ಪ್ರಕೃತಿಯಲ್ಲಿ ಶ್ರುತಿಕವೆಯ ಕೆಲಸವನ್ನು ಮಾಡುವುವು ಕೆಲವು ಜಾತಿಯ ಜೇನುಗಳು. ಇಂಥ ಜೇನು ಹೂವಿನ ಶಂಕುವನ್ನು ದವಡೆ ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿ, ಹಾರಾಟದ ಸ್ನಾಯುಗಳನ್ನು ಮಾತ್ರ ಕಂಪಿಸುವುದು. ಆ ಕಂಪನವು ಎದೆಯ ಭಾಗದಿಂದ ನೇರವಾಗಿ ಹೂವಿಗೆ ಇಳಿಯುವುದು. ಬೇರೆ ಬೇರೆ ಜಾತಿಗಳಲ್ಲಿ ಇದು ಸೆಕೆಂಡಿಗೆ ಸುಮಾರು 100 ರಿಂದ 400 ರವರೆಗೆ ಇರುವುದುಂಟು. ಹತ್ತಿರ ನಿಂತರೆ ಕಿವಿಗೇ ಕೇಳಿಸುವುದು: ಹಾರುವಾಗಿನ ಗುಂಯ್ ಎಂಬ ನಾದವು ಹೂವಿನ ಮೇಲೆ ಕುಳಿತೊಡನೆ ಒಮ್ಮೆಲೆ ಏರಿದ ಶ್ರುತಿಗೆ ಹೋಗಿ, ಕ್ಷಣಕಾಲ ನಿಂತು, ಮತ್ತೆ ಇಳಿಯುವುದು. ಧ್ವನಿಯ ಕಂಪನಸಂಖ್ಯೆಯನ್ನು ತೋರಿಸುವ ತಂತ್ರಾಂಶಗಳು ಇಂದು ಮೊಬೈಲ್ ಫೋನುಗಳಲ್ಲಿ ದೊರೆಯುವುದರಿಂದ ವಿದ್ಯಾರ್ಥಿಗಳು ಇದನ್ನು ತಾವೇ ಅಳೆಯಬಹುದು.

ನಮ್ಮ ಕಡೆ ಈ ವಿದ್ಯೆ ಬಲ್ಲವುಗಳಲ್ಲಿ ಎರಡನ್ನು ಗುರುತಿಸುವುದು ಸುಲಭ. ಮೊದಲನೆಯದು ಹೊಟ್ಟೆಯ ಮೇಲೆ ಹೊಳೆವ ನೀಲಿ ಪಟ್ಟೆಗಳುಳ್ಳ, ಒಂದೆಡೆ ನಿಲ್ಲದೆ ಸರಸರನೆ ಹಾರುವ ನೀಲಿಪಟ್ಟೆ ಜೇನು. ಎರಡನೆಯದು ಒಣಮರವನ್ನು ಕೊರೆದು ಗೂಡು ಮಾಡುವ, ಕರಿಯ ದೊಡ್ಡ ದುಂಬಿ. ಇದನ್ನು ಬಡಗಿ ಜೇನು ಎಂದೂ ಕರೆಯುವರು. ಎರಡೂ ಜೇನುತುಪ್ಪವನ್ನು ಕೂಡಿಡುವುದಿಲ್ಲ. ಹುಟ್ಟು ಕಟ್ಟಿ ಸಾವಿರಾರಾಗಿ ಬಾಳುವುದೂ ಇಲ್ಲ. ನೀಲಿಪಟ್ಟೆಯ ಹೆಣ್ಣು ಜೇನು ಒಂಟಿಯಾಗಿ ನೆಲದಲ್ಲಿಯೋ ಮೆದುವಾದ ಮಣ್ಣಿನ ದಿಬ್ಬದಲ್ಲಿಯೋ ಬಿಲ ತೋಡಿ, ತನ್ನ ಮರಿಗಳಿಗಾಗಿ ಆಹಾರ ಕೂಡಿಸುವುದು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ನಮಗೆ ತುಪ್ಪವನ್ನು ಕೊಡುವ ಹೆಜ್ಜೇನು, ತುಡುವೆ ಜೇನು, ಕೋಲುಜೇನುಗಳಿಗೆ ಈ ವಿದ್ಯೆ ಬಾರದು. 1960ರ ದಶಕದಲ್ಲಿ ಪಂಜಾಬಿನ ಕಡೆ ಯಶಸ್ವಿಯಾಗಿ ನೆಲೆಗೊಳಿಸಿದ ಯುರೋಪಿನ ಜೇನಿಗೂ ಬಾರದು. ಅವು ಬದನೆಯ ಹೂವಿಗೆ ಬಂದರೂ ಇತರರು ಚೆಲ್ಲಿದ ಪರಾಗವನ್ನು ಆಯ್ದುಕೊಂಡು ಹೋಗಬಲ್ಲುವೇ ಹೊರತು ಬೀಗವನ್ನು ತೆಗೆಯಲಾರವು. ಆದುದರಿಂದ "ಜೇನು ಪೆಟ್ಟಿಗೆಗಳನ್ನಿಟ್ಟರೆ ಪರಾಗಸ್ಪರ್ಶದ ಚಿಂತೆ ತೀರಿತು" ಎಂಬುದು ಅರ್ಧ ಸತ್ಯ. ಒಂದೇ ಜಾತಿಯನ್ನು ನೆಚ್ಚುವುದರಲ್ಲಿ ಇನ್ನೊಂದು ಅಪಾಯವೂ ಇದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದಲ್ಲಿ ಹಬ್ಬಿ, ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಕರ್ನಾಟಕದ ಜೇನುಸಾಕಣೆಗೆ ಅದು ಬಿದ್ದ ದೊಡ್ಡ ಪೆಟ್ಟು.

ಪರಾಗವುಂಟು, ಮಕರಂದವಿಲ್ಲ

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಬದನೆಯ ಹೂವಿನಲ್ಲಿ ಮಕರಂದವಿಲ್ಲ. ಟೊಮೆಟೊ ಹೂವಿನಲ್ಲಿಯೂ ಇಲ್ಲ. ಅವುಗಳ ಕೊಡುಗೆ ಪರಾಗ ಮಾತ್ರ. ಪರಾಗವು ಸಸಾರಜನಕ ಭೂಯಿಷ್ಠವಾದ ಆಹಾರ. ಮರಿಗಳ ಬೆಳವಣಿಗೆಗೆ ಅದು ಬೇಕು. ಆದರೆ ಹಾರುವ ಜೇನಿಗೆ ಇಂಧನವಾಗಬಲ್ಲುದು ಸಕ್ಕರೆ. ಅದು ದೊರೆಯುವುದು ಮಕರಂದದಲ್ಲಿ. ಸೆಕೆಂಡಿಗೆ ನೂರಾರು ಸಲ ಸ್ನಾಯುವನ್ನು ಮಿಡಿಸುವ ಪ್ರಾಣಿಗೆ ಇಂಧನದ ವೆಚ್ಚ ಎಷ್ಟೆಂಬುದನ್ನು ಊಹಿಸಬಹುದು. ಎಂದ ಮೇಲೆ, ಬದನೆಗೆ ಪರಾಗಸ್ಪರ್ಶ ಮಾಡುವ ಜೇನು ಬದನೆಯ ತೋಟವೊಂದರಲ್ಲಿಯೇ ಬದುಕಲಾರದು! ತೋಟದ ಬದುವಿನಲ್ಲಿ, ದಾರಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ಮಕರಂದವುಳ್ಳ ಬೇರೆ ಗಿಡಗಳು ಅದಕ್ಕೆ ಬೇಕೇ ಬೇಕು.

ಆ ಗಿಡಗಳು ಯಾವುವು? ಮಳೆಗಾಲದಿಂದ ಚಳಿಗಾಲದವರೆಗೆ ಬೆಳ್ಳಗೆ ಅರಳುವ ತುಂಬೆ. ಹೊಲದ ಬೇಲಿಯ ಲಕ್ಕಿ. ವರ್ಷವೆಲ್ಲ ಒಂದಲ್ಲ ಒಂದು ಹೂವುಳ್ಳ ಎಕ್ಕೆ. ಬೇಸಗೆಯ ಹೊಂಗೆ ಮತ್ತು ನೇರಳೆ. ಮಳೆಗಾಲದ ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೂ ಬಿಡುವ ಬಾರೆ. ಇವೆಲ್ಲ ಯಾರೂ ನೀರೆರೆಯದೆ ನಮ್ಮ ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ಬೆಳೆದು ಬಂದ ದೇಶೀ ಸಸ್ಯಗಳು. ಇವುಗಳ ಹೂಬಿಡುವ ಕಾಲವು ಒಂದರ ನಂತರ ಒಂದಾಗಿ ಬರುವುದನ್ನು ನೋಡಿರಿ. ವರ್ಷದ ಯಾವುದೋ ಎರಡು ತಿಂಗಳು ಈ ಸರಪಳಿ ಕಡಿದರೆ, ಉಳಿದ ಹತ್ತು ತಿಂಗಳಿನ ಸಮೃದ್ಧಿಯಿಂದ ದುಂಬಿಗೆ ಪ್ರಯೋಜನವಿಲ್ಲ; ಅದು ತುಪ್ಪದ ಕಣಜವನ್ನು ಕಟ್ಟಿಕೊಂಡಿರುವ ಪ್ರಾಣಿಯಲ್ಲ.

ದೂರದ ಲೆಕ್ಕವೂ ಇಲ್ಲಿ ಸೇರುವುದು. ಹೆಜ್ಜೇನು ಆಹಾರಕ್ಕಾಗಿ ಹಲವು ಕಿಲೋಮೀಟರು ಹೋಗಬಲ್ಲುದು. ಸಣ್ಣ ಮೈಯ ಒಂಟಿ ಜೇನುಗಳಾದರೋ ಸಾಮಾನ್ಯವಾಗಿ ಗೂಡಿನಿಂದ ಕೆಲವು ನೂರು ಮೀಟರುಗಳೊಳಗೆಯೇ ತಿರುಗುವುವು. ಅಷ್ಟರೊಳಗೆ ಗೂಡಿಗೆ ತಕ್ಕ ಮಣ್ಣು, ಮಕರಂದ, ಪರಾಗ ಮೂರೂ ದೊರೆಯಬೇಕು. ರಾಯಾಪುರದಿಂದ ಒಂದು ಗಂಟೆಯ ಪ್ರಯಾಣದಲ್ಲಿ ಮಲೆನಾಡಿನ ಅಂಚಿನ ಕಾಡು ಇರುವುದು ನಮಗೆ ಸಮಾಧಾನವಾಗಬಹುದು. ರಾಯಾಪುರದ ಬದನೆಯ ಹೂವಿಗೆ ಆ ಕಾಡಿನಿಂದ ಯಾವ ನೆರವೂ ಬಾರದು.

ತಂಗಡಿಯ ಹೂವನ್ನು ಇಲ್ಲಿಯೇ ನೆನೆಯಬೇಕು. ಆವರಿಕೆಯೆಂದೂ ಹೆಸರುಳ್ಳ ಈ ಹಳದಿ ಹೂವಿನ ಪೊದೆ ಭಾರತ ಮತ್ತು ಶ್ರೀಲಂಕೆಗಳ ಸ್ವಂತ ಸಸ್ಯ. ಅದರ ಕೇಸರಗಳೂ ಬದನೆಯವುಗಳಂತೆ ತುದಿಯ ರಂಧ್ರದಿಂದಲೇ ಪರಾಗವನ್ನು ಬಿಡುವುವು. ಬೇಸಗೆಯಲ್ಲಿ ಹೊನ್ನಿನ ಗೊಂಚಲಾಗಿ ತೂಗುವ ಕಕ್ಕೆಯ ಮರವೂ ಇದೇ ಬಳಗದ್ದು. ತೋಟದಲ್ಲಿ ಬದನೆ ಇಲ್ಲದ ತಿಂಗಳುಗಳಲ್ಲಿ ಈ ಜೇನುಗಳ ಮರಿಗಳಿಗೆ ಪರಾಗವನ್ನು ಒದಗಿಸುವುವು ಇಂಥ ಗಿಡಗಳೇ. ಶ್ರುತಿಕವೆಯ ಪ್ರಯೋಗವನ್ನು ತಂಗಡಿಯ ಹೂವಿನ ಮೇಲೂ ಮಾಡಿ ನೋಡಬಹುದು.

ಬೆಳಕು ಮತ್ತು ವಿದ್ಯುತ್ತು

ಹೂವಿಗೂ ಕೀಟಕ್ಕೂ ಇರುವ ಸಂಬಂಧವನ್ನು ಮೊದಲು ವಿವರವಾಗಿ ಕಂಡವನು ಜರ್ಮನಿಯ ಒಬ್ಬ ಶಾಲಾ ಮುಖ್ಯೋಪಾಧ್ಯಾಯ, ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. 1793ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ನೂರಾರು ಹೂಗಳ ರಚನೆಯನ್ನು ಚಿತ್ರಸಹಿತವಾಗಿ ವರ್ಣಿಸಿ, ದಳದ ಮೇಲಿನ ಗೆರೆಗಳೂ ಚುಕ್ಕೆಗಳೂ ಕೀಟಕ್ಕೆ ಮಕರಂದದ ದಾರಿಯನ್ನು ತೋರಿಸುವ ಗುರುತುಗಳೆಂದು ಹೇಳಿದನು. ಸಮಕಾಲೀನರು ಅದನ್ನು ಲಕ್ಷಿಸಲಿಲ್ಲ. ಮುಂದೆ ಡಾರ್ವಿನ್ ಅದರ ಬೆಲೆಯನ್ನು ಎತ್ತಿ ತೋರಿಸಿದನು.

ಆ ಗುರುತುಗಳಲ್ಲಿ ಕೆಲವು ನಮ್ಮ ಕಣ್ಣಿಗೆ ಕಾಣಿಸುವುದೇ ಇಲ್ಲ. ಮನುಷ್ಯನ ಕಣ್ಣು ಸುಮಾರು 400 ರಿಂದ 700 ನ್ಯಾನೋಮೀಟರು ಅಲೆಯುದ್ದದ ಬೆಳಕನ್ನು ಗ್ರಹಿಸುವುದು. ಜೇನಿನ ಕಣ್ಣಿಗೆ ಈ ಮೇರೆಯು ಸುಮಾರು 300 ರಿಂದ 650 ರವರೆಗೆ. ಎಂದರೆ ನಮಗೆ ಕಾಣದ ಅತಿನೇರಳೆ ಕಿರಣ ಅದಕ್ಕೆ ಕಾಣುವುದು. ನಮಗೆ ಕಾಣುವ ಕಡುಗೆಂಪು ಅದಕ್ಕೆ ಬಣ್ಣವಾಗಿ ತೋರದು. ನಮಗೆ ಒಂದೇ ಹಳದಿಯಾಗಿ ಕಾಣುವ ಸೂರ್ಯಕಾಂತಿಯ ಹೂವು ಅತಿನೇರಳೆ ಬೆಳಕಿನಲ್ಲಿ ನಡುವೆ ಕಪ್ಪಾದ ಗುರಿಹಲಗೆಯಂತೆ ತೋರುವುದು. ಫಾಲ್ಗುಣದಲ್ಲಿ ಎಲೆಯುದುರಿಸಿ ಕೆಂಡದಂತೆ ಅರಳುವ ಮುತ್ತುಗ, ಬೂರುಗಗಳನ್ನು ನೋಡಿರಿ: ಅವುಗಳ ಹೂವಿಗೆ ಮೈನಾ, ಸೂರಕ್ಕಿ ಮೊದಲಾದ ಹಕ್ಕಿಗಳು ಮುತ್ತುವುವು. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುವುದು.

ವಿದ್ಯುತ್ತಿನ ಪಾತ್ರವು ಇನ್ನೂ ಸೋಜಿಗದ್ದು. ಗಾಳಿಯಲ್ಲಿ ಹಾರುವ ಜೇನಿನ ಮೈಯಲ್ಲಿ ಸಾಮಾನ್ಯವಾಗಿ ಧನವಿದ್ಯುದಾವೇಶ ಕೂಡಿಕೊಳ್ಳುವುದು. 2013ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಂಬಲ್ ಜೇನುಗಳ ಮೇಲಿನ ಆವೇಶವನ್ನು ಅಳೆದಾಗ ಅದು ಸರಾಸರಿ 32 ಪಿಕೋಕೂಲಂ ಇದ್ದಿತು. ಹೂವಿನ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಈ ಜೇನುಗಳು ಗುರುತಿಸಬಲ್ಲುವೆಂದೂ ಅವರು ತೋರಿಸಿದರು. 32 ಪಿಕೋಕೂಲಂ ಎಂದರೆ ಕೂಲಂನ ಸುಮಾರು ಮೂರು ಸಾವಿರ ಕೋಟಿಯಲ್ಲೊಂದು ಭಾಗ. ಇಷ್ಟು ಅಲ್ಪವಾದ ಆವೇಶದಿಂದ ಆಗುವುದೇನು ಎಂದು ಕೇಳಬಹುದು. ಅದನ್ನು ಒಂದು ಬಿಂದುವಿನಲ್ಲಿದೆಯೆಂದು ಭಾವಿಸಿ, 5 ಮಿಲಿಮೀಟರು ದೂರದಲ್ಲಿ ಕ್ಷೇತ್ರವನ್ನು ಲೆಕ್ಕಹಾಕಿದರೆ ಮೀಟರಿಗೆ 11,000 ವೋಲ್ಟುಗಳಿಗೂ ಮಿಕ್ಕು ಬರುವುದು. ತಿಳಿಯಾದ ದಿನ ವಾತಾವರಣದಲ್ಲಿ ನೆಲದ ಬಳಿ ಇರುವ ಕ್ಷೇತ್ರ ಮೀಟರಿಗೆ ಸುಮಾರು 100 ವೋಲ್ಟು. ಜೇನು ಹತ್ತಿರ ಬಂದಾಗ ಹಗುರವಾದ ಪರಾಗಕಣಗಳು ಅದರ ರೋಮಗಳತ್ತ ನೆಗೆಯುವುದರಲ್ಲಿ ಆಶ್ಚರ್ಯವಿಲ್ಲ. ತಲೆಗೂದಲಿಗೆ ಉಜ್ಜಿದ ಬಾಚಣಿಗೆಯನ್ನು ಒಣ ಪರಾಗದ ಬಳಿ ಹಿಡಿದು ಇದರ ಮಾದರಿಯನ್ನು ತರಗತಿಯಲ್ಲಿಯೇ ನೋಡಬಹುದು.

ರಾಯಾಪುರದ ನೆಲ

ಹುಬ್ಬಳ್ಳಿ ಧಾರವಾಡಗಳ ನಡುವಿನ ಸುಮಾರು 20 ಕಿಲೋಮೀಟರು ಹಾದಿಯು ಈ ಕೆಲವು ದಶಕಗಳಲ್ಲಿ ಬಹಳ ಬದಲಾಗಿದೆ. ಹಿಂದೆ ಎರಡು ಊರುಗಳ ನಡುವೆ ಹೊಲಗಳೂ ಮಾವು ಪೇರಲಗಳ ತೋಟಗಳೂ ಇದ್ದುವು. ಈಗ ರಾಯಾಪುರವು ಕಾರ್ಖಾನೆ, ಬಡಾವಣೆ, ವಿದ್ಯಾಸಂಸ್ಥೆಗಳಿಂದ ಕೂಡಿದ ಜೋಡುನಗರದ ಭಾಗವಾಗಿದೆ. ತ್ವರಿತ ಬಸ್ ಸಾರಿಗೆಗಾಗಿ ರಸ್ತೆಯನ್ನು ಅಗಲಮಾಡಿದಾಗ ಹಳೆಯ ಮರಗಳನೇಕ ಉರುಳಿದುವು; 2018ರ ಅಕ್ಟೋಬರಿನಲ್ಲಿ ಆ ಬಸ್ಸುಗಳು ಓಡಲಾರಂಭಿಸಿದುವು. ಬಸ್ಸೂ ಬೇಕು, ಮನೆಯೂ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಮರಗಳ ಜೊತೆಗೆ ಹೋದುವು ಏನೆಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು. ಮರದ ಬುಡದ ತೆರೆದ ಮಣ್ಣು ಸಿಮೆಂಟಿನ ಇಟ್ಟಿಗೆಯ ಹಾಸಿನ ಕೆಳಗೆ ಸೇರಿತು. ಮಣ್ಣಗೋಡೆಯ ಮನೆಗಳು ಹೋಗಿ ಕಾಂಕ್ರೀಟಿನವು ಬಂದುವು. ಬಿಲ ತೋಡುವ ಜೇನಿಗೆ ಇವೆರಡೂ ನಷ್ಟಗಳೇ.

ಹೊಸದಾಗಿ ನೆಡುವ ಗಿಡಗಳಲ್ಲಿ ಹೊರನಾಡಿನವು ಬಹಳ. ಗುಲ್‌ಮೊಹರು ಮಡಗಾಸ್ಕರಿನದು; ನೀಲಗಿರಿ ಮತ್ತು ಅಕೇಶಿಯಾಗಳು ಆಸ್ಟ್ರೇಲಿಯದವು; ಬೇಲಿಗೆ ಹಬ್ಬಿದ ಲಂಟಾನವೂ, ಕಾಂಗ್ರೆಸ್ ಕಸವೆಂದು ನಮ್ಮ ಕಡೆ ಕರೆಯುವ ಪಾರ್ಥೇನಿಯಮ್ಮೂ ಅಮೆರಿಕದಿಂದ ಬಂದುವು. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಹೊರಗಿನಿಂದ ಬಂದುದೆಲ್ಲ ಕೆಟ್ಟದ್ದೆನ್ನಲಾಗದು. ಪಕ್ಕದ ನವಲೂರಿಗೆ ಹೆಸರು ತಂದ ಪೇರಲವೂ, ನಮ್ಮ ಮೆಣಸಿನಕಾಯಿಯೂ, ಟೊಮೆಟೊವೂ ಅಮೆರಿಕ ಮೂಲದವೇ. ನಮ್ಮ ಜೇನುಗಳು ಅವುಗಳ ಹೂವಿಗೂ ಹೋಗುವುವು. ಲಂಟಾನದ ಮಕರಂದವನ್ನು ಪಾತರಗಿತ್ತಿಗಳು ಹೀರುವುದನ್ನು ಯಾರಾದರೂ ಕಾಣಬಹುದು.

ಹಾಗಿದ್ದರೆ ದೇಶೀ ಸಸ್ಯಕ್ಕೆ ವಿಶೇಷ ಮಹತ್ವವೇಕೆ? ಎಕ್ಕೆಯ ಗಿಡ ಇದಕ್ಕೆ ಒಳ್ಳೆಯ ಉತ್ತರ. ಅದರ ಹೂವಿನಲ್ಲಿ ಪರಾಗವು ಪುಡಿಯಾಗಿರದೆ ಸಣ್ಣ ಗಂಟುಗಳಾಗಿರುವುದು. ಅವನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದು ಒಯ್ಯಲು ದೊಡ್ಡ ದುಂಬಿಯಂಥ ಬಲಶಾಲಿಯೇ ಬೇಕು. ಅದೇ ಗಿಡದ ಎಲೆಯನ್ನು ತಿಂದು ಕಿತ್ತಳೆ ಬಣ್ಣದ ಒಂದು ಜಾತಿಯ ಪಾತರಗಿತ್ತಿಯ ಹುಳು ಬೆಳೆಯುವುದು. ಎಕ್ಕೆಯ ಹಾಲಿನ ವಿಷವು ಆ ಹುಳುವಿಗೆ ರಕ್ಷಣೆಯೂ ಆಗುವುದು. ಹಾಗೆಯೇ ಕರಿಬೇವು, ನಿಂಬೆಗಳ ಎಲೆಯಿಲ್ಲದೆ ಇನ್ನೆರಡು ಜಾತಿಯ ದೊಡ್ಡ ಪಾತರಗಿತ್ತಿಗಳು ನಮ್ಮ ಹಿತ್ತಲಿಗೆ ಬಾರವು. ಬೆಳೆದ ಪಾತರಗಿತ್ತಿಗೆ ಯಾವ ಮಕರಂದವಾದರೂ ಸರಿ. ಅದರ ಮರಿಗೆ ಮಾತ್ರ ಗೊತ್ತಾದ ಗಿಡವೇ ಆಗಬೇಕು. ಹೊರನಾಡಿನ ಹೂದೋಟವು ಊಟದ ಖಾನಾವಳಿಯಾಗಬಲ್ಲುದು, ತೊಟ್ಟಿಲಾಗಲಾರದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

2007ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಸಮೀಕ್ಷೆಯು ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 87 ಬೆಳೆಗಳು ಪ್ರಾಣಿಗಳ ಪರಾಗಸ್ಪರ್ಶದಿಂದ ಸ್ವಲ್ಪವಾದರೂ ಪ್ರಯೋಜನ ಪಡೆಯುವುವೆಂದು ತೋರಿಸಿತು. ಇಂಥ ಸಂಖ್ಯೆಗಳನ್ನು ಓದಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಸಂಖ್ಯೆಯನ್ನು ತಾನೇ ಕಂಡುಹಿಡಿಯುವುದು ವಿದ್ಯಾರ್ಥಿಗೆ ಲೇಸು.

ಮೊದಲನೆಯ ಕೆಲಸ ಬದನೆಯ ಮೇಲಿನದು. ಮರುದಿನ ಅರಳಲಿರುವ 60 ಮೊಗ್ಗುಗಳನ್ನು ಆರಿಸಿಕೊಳ್ಳಿರಿ. ಅರಳಿದ ಮೇಲೆ ಶಲಾಕೆಯು ಕೇಸರಗಳಿಂದ ಹೊರಚಾಚಿರುವ ಹೂಗಳನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗಿಡ್ಡ ಶಲಾಕೆಯವು ಕಾಯಿ ಕಚ್ಚುವುದು ಕಡಿಮೆ. ಮೂರನೆಯ ಒಂದು ಪಾಲನ್ನು ತೆರೆದೇ ಬಿಡಿರಿ. ಎರಡನೆಯ ಪಾಲಿಗೆ ತೆಳುವಾದ ಮಲ್ಲು ಬಟ್ಟೆಯ ಚೀಲ ಕಟ್ಟಿರಿ. ಮೂರನೆಯ ಪಾಲಿಗೂ ಚೀಲ ಕಟ್ಟಿ, ಅರಳಿದ ದಿನ ಬೆಳಿಗ್ಗೆ ಚೀಲ ತೆಗೆದು, ಶ್ರುತಿಕವೆಯನ್ನು ತಾಗಿಸಿ, ಮತ್ತೆ ಕಟ್ಟಿರಿ. ಎರಡು ವಾರಗಳ ನಂತರ ಎಷ್ಟು ಕಾಯಿಗಳು ನಿಂತುವೆಂದು ಎಣಿಸಿರಿ. ಗಾಳಿಯ ಅಲುಗಾಟದಿಂದಲೂ ಕೆಲವು ಕಾಯಿ ಕಚ್ಚುವುದರಿಂದ ಎರಡನೆಯ ಪಾಲು ಸೊನ್ನೆಯಾಗಬೇಕಿಲ್ಲ. ಮೂರೂ ಪಾಲುಗಳ ನಡುವಿನ ಅಂತರವೇ ಆ ತೋಟದಲ್ಲಿ ಜೇನು ಮಾಡುವ ಕೆಲಸದ ಅಳತೆ. ತೆರೆದ ಹೂಗಳಿಗಿಂತ ಶ್ರುತಿಕವೆಯ ಹೂಗಳು ಬಹಳ ಹೆಚ್ಚು ಕಾಯಿ ಕಚ್ಚಿದರೆ ಅಲ್ಲಿ ಜೇನಿನ ಕೊರತೆಯಿದೆಯೆಂದು ಶಂಕಿಸಬೇಕು.

ಎರಡನೆಯ ಕೆಲಸ ಎಣಿಕೆ. ಒಂದು ಮೀಟರು ಚೌಕದ ಹೂವುಳ್ಳ ಜಾಗವನ್ನು ಆರಿಸಿ, ಬಿಸಿಲುಳ್ಳ ಬೆಳಗಿನ ಹೊತ್ತು 15 ನಿಮಿಷ ಸುಮ್ಮನೆ ಕುಳಿತು, ಹೂವನ್ನು ಮುಟ್ಟಿದ ಪ್ರತಿಯೊಂದು ಜೀವಿಯನ್ನೂ ಬರೆದುಕೊಳ್ಳಿರಿ: ತುಪ್ಪದ ಜೇನು, ನೀಲಿಪಟ್ಟೆ, ಕರಿದುಂಬಿ, ಇತರ ಸಣ್ಣ ಜೇನು, ಪಾತರಗಿತ್ತಿ, ನೊಣ, ಹಕ್ಕಿ. ತುಂಬೆಯ ಜಾಗದಲ್ಲಿ ಒಂದು ಗುಂಪು, ಅಲಂಕಾರದ ಗಿಡಗಳ ಜಾಗದಲ್ಲಿ ಇನ್ನೊಂದು ಗುಂಪು ಕುಳಿತರೆ ಹೋಲಿಕೆ ದೊರೆಯುವುದು. ಇಲ್ಲಿ ಭೌತಶಾಸ್ತ್ರದ ಒಂದು ಎಚ್ಚರ ಅಗತ್ಯ. ಬಿಡಿ ಘಟನೆಗಳನ್ನು ಎಣಿಸಿದಾಗ ಸಂಖ್ಯೆಯ ಅನಿಶ್ಚಯವು ಸುಮಾರಾಗಿ ಅದರ ವರ್ಗಮೂಲದಷ್ಟಿರುವುದು. ಒಂದು ಕಡೆ 9, ಇನ್ನೊಂದು ಕಡೆ 16 ಬಂದರೆ, ಮೊದಲನೆಯದರಲ್ಲಿ 3 ಎರಡನೆಯದರಲ್ಲಿ 4 ಅನಿಶ್ಚಯವಿರುವುದರಿಂದ ಭೇದವು ಖಚಿತವೆನ್ನಲಾಗದು. ಹತ್ತು ದಿನ ಎಣಿಸಿ 90 ಮತ್ತು 160 ಬಂದರೆ ಆಗ ಧೈರ್ಯದಿಂದ ಹೇಳಬಹುದು. ಒಂದು ದಿನದ ಉತ್ಸಾಹಕ್ಕಿಂತ ಹತ್ತು ದಿನದ ತಾಳ್ಮೆ ಹೆಚ್ಚು ಬೆಲೆಯುಳ್ಳದ್ದೆಂಬುದಕ್ಕೆ ಇದೇ ಗಣಿತದ ಆಧಾರ.

ವರ್ಷಗಳ ತಾಳ್ಮೆಯ ಬೆಲೆ ಇನ್ನೂ ದೊಡ್ಡದು. ಜರ್ಮನಿಯ ರಕ್ಷಿತ ಪ್ರದೇಶಗಳಲ್ಲಿ 1989 ರಿಂದ 2016 ರವರೆಗೆ ಒಂದೇ ಬಗೆಯ ಬಲೆಗಳನ್ನಿಟ್ಟು ಹಾರುವ ಕೀಟಗಳನ್ನು ಹಿಡಿದು ತೂಗುತ್ತ ಬಂದರು. 27 ವರ್ಷಗಳಲ್ಲಿ ಆ ತೂಕವು ಶೇಕಡಾ 75ಕ್ಕೂ ಹೆಚ್ಚು ಇಳಿದಿತ್ತೆಂದು 2017ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿತು. ಆರಂಭದ ವರ್ಷಗಳಲ್ಲಿ ತೂಗಿ ಬರೆದಿಡದಿದ್ದರೆ ಈ ನಷ್ಟ ಯಾರಿಗೂ ತಿಳಿಯುತ್ತಿರಲಿಲ್ಲ. ಹೋದ ವರ್ಷದ ದುಂಬಿಗಳನ್ನು ಈ ವರ್ಷ ಎಣಿಸಲಾಗದು. ಒಂದು ಶಾಲೆಯ ಒಂಬತ್ತನೆಯ ತರಗತಿ ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ತಿಂಗಳಿನಲ್ಲಿ ಎಣಿಸಿ, ದಾಖಲೆಯ ಪುಸ್ತಕವನ್ನು ಮುಂದಿನ ತರಗತಿಗೆ ಒಪ್ಪಿಸುತ್ತ ಬಂದರೆ, ಹತ್ತು ವರ್ಷಗಳಲ್ಲಿ ಅದು ವಿಜ್ಞಾನಕ್ಕೆ ಸಲ್ಲುವ ದಾಖಲೆಯಾಗುವುದು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕಾಗಿದೆ. ವಿದ್ಯಾರ್ಥಿಗಳ ಪಟ್ಟಿಯು ಅದಕ್ಕೆ ನೆರವಾಗಬಲ್ಲುದು. ಕೀಟ ಸಸ್ಯಗಳ ಹೆಸರು ತಿಳಿಯದಾಗ ಕೇಳಲು ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಕರ್ನಾಟಕ ವಿಶ್ವವಿದ್ಯಾಲಯವೂ ಹತ್ತಿರದಲ್ಲಿಯೇ ಇರುವುವು.

ಮೂರನೆಯ ಕೆಲಸ ರಕ್ಷಣೆ. ಇದಕ್ಕೆ ಹಣ ಬೇಕಿಲ್ಲ. ಕೆಲವನ್ನು ಮಾಡದೆ ಬಿಡುವುದೇ ಸಾಕು. ಶಾಲೆಯ ಆವರಣದ ಒಂದು ಮೂಲೆಯಲ್ಲಿ ತುಂಬೆ, ತಂಗಡಿಗಳನ್ನು ಕಳೆಯೆಂದು ಕೀಳದಿರಬೇಕು. ಬಿಸಿಲು ಬೀಳುವ ಸ್ವಲ್ಪ ನೆಲವನ್ನು ಕಲ್ಲು ಹಾಸದೆ, ಅಗೆಯದೆ, ಬೆಂಕಿಯಿಡದೆ ಬಿಡಬೇಕು. ಬಡಗಿ ಜೇನಿಗಾಗಿ ಒಂದೆರಡು ಒಣಕೊಂಬೆ, ಬಿದಿರಿನ ತುಂಡುಗಳನ್ನು ಉಳಿಸಬೇಕು. ಹೊಸ ಗಿಡ ನೆಡುವಾಗ ಹೊಂಗೆ, ನೇರಳೆ, ಕಕ್ಕೆ, ಮುತ್ತುಗ, ಲಕ್ಕಿಗಳನ್ನು ಅವುಗಳ ಹೂಬಿಡುವ ತಿಂಗಳನ್ನು ನೋಡಿ ಆರಿಸಿ, ವರ್ಷದ ಯಾವ ತಿಂಗಳೂ ಬರಿದಾಗದಂತೆ ನೋಡಿಕೊಳ್ಳಬೇಕು. ಹೊಲದಲ್ಲಿ ಔಷಧ ಸಿಂಪಡಿಸಲೇಬೇಕಾದರೆ ಜೇನುಗಳು ಹೂವಿನ ಮೇಲಿರುವ ಬೆಳಗಿನ ಹೊತ್ತನ್ನು ಬಿಟ್ಟು ಸಂಜೆಯ ನಂತರ ಸಿಂಪಡಿಸುವಂತೆ ಮನೆಯ ಹಿರಿಯರಿಗೆ ತಿಳಿಸಬಹುದು. ಅಪಾಯವು ಇದರಿಂದ ತೀರಾ ಹೋಗದಿದ್ದರೂ ಕಡಿಮೆಯಾಗುವುದು.

ಸಂಜೆಯ ಹೊತ್ತು ಇಂಥ ಮೂಲೆಗೆ ಹೋಗಿ ಒಣ ಹುಲ್ಲುಕಡ್ಡಿಗಳನ್ನು ಸೂಕ್ಷ್ಮವಾಗಿ ನೋಡಿದರೆ, ನೀಲಿಪಟ್ಟೆಯ ಗಂಡು ಜೇನುಗಳು ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಸಾಲಾಗಿ ನಿದ್ರಿಸುತ್ತಿರುವುದು ಕಾಣಬಹುದು. ಅವುಗಳನ್ನು ಮುಟ್ಟದೆ ಎಣಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆಯಿರಿ. ಆ ಕಡ್ಡಿ ಉಳಿದಿರುವವರೆಗೆ, ಸುತ್ತಲಿನ ತುಂಬೆ ಅರಳುವವರೆಗೆ, ಪಕ್ಕದ ತೋಟದ ಬದನೆಗೆ ಯಾರೂ ಶ್ರುತಿಕವೆಯನ್ನು ಹಿಡಿದು ಹೋಗಬೇಕಾದ ಕಾಲ ಬಾರದು.